ಕಾಯುವುದೋ, ಬಿಟ್ಟು ಹೋಗುವುದೋ: ನೆಟ್‌ವರ್ಕ್ ಡಿಸ್ಕಿನ ಒಂದು ಸಾಲು, ಕಳೆದುಹೋದ 12 ಸೆಕೆಂಡು

(ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹ ರೂಪ)

ನಾನು ಬೈಂದೂರಿನಿಂದ ಬ್ರಹ್ಮಾವರದವರೆಗೆ ಬೈಕಿನಲ್ಲಿ ತಿರುಗುತ್ತಾ, ಸಣ್ಣ ಸಣ್ಣ ಆಫೀಸು, ಅಂಗಡಿ, ಸ್ಟುಡಿಯೊಗಳ ಕಂಪ್ಯೂಟರ್ ನೋಡಿಕೊಳ್ಳುವವನು. 2018ರಲ್ಲಿ ಬೈಂದೂರು, ಬ್ರಹ್ಮಾವರ ಎರಡೂ ಬೇರೆ ಬೇರೆ ತಾಲ್ಲೂಕು ಆದವು. ನನ್ನ ಬೈಕಿಗೆ ಮಾತ್ರ ಇನ್ನೂ ಎಲ್ಲ ಒಂದೇ ಊರು. ಕುಂದಾಪುರ ನಡುವಲ್ಲಿ, ಆಚೆ ಈಚೆ ಗಿರಾಕಿಗಳು.

ಇವತ್ತು ಹೇಳುವುದು ನಾನೇ ಮಾಡಿದ ಒಂದು ತಪ್ಪಿನ ಕತೆ. ಕಂಪ್ಯೂಟರಿನ ಒಂದು ಫೈಲಿನಲ್ಲಿ ನಾನು ಬರೆದ ಒಂದೇ ಒಂದು ಸಾಲು. ಆ ಸಾಲಿನಲ್ಲಿ ನಾಲ್ಕಕ್ಷರದ ಒಂದು ಇಂಗ್ಲಿಷ್ ಪದ. ಅದರಿಂದ ಒಬ್ಬರ ಅಪ್ಪಯ್ಯನ ದನಿ 12 ಸೆಕೆಂಡು ಹೋಯಿತು. ಇನ್ನು ಸಿಗುವುದೂ ಇಲ್ಲ. ಯಾರದ್ದು, ಯಾವ ಮನೆ ಅಂತ ಹೇಳುವುದಿಲ್ಲ. ‘ಮಾಷ್ಟ್ರು’ ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಅಷ್ಟೇ ಹೇಳಿದರೆ ನೂರು ಜನ ಬರುತ್ತಾರೆ, ಯಾರಿಗೂ ಗುರುತು ಸಿಗುವುದಿಲ್ಲ.

ಮಾಷ್ಟ್ರ ಮನೆ ಬ್ರಹ್ಮಾವರದ ಹತ್ತಿರ. ಮಗನ ಅಂಗಡಿ ಕುಂದಾಪುರದಲ್ಲಿ. ಆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ಮಾಷ್ಟ್ರ ಹತ್ತಿರ ಯಕ್ಷಗಾನದ್ದು, ತಾಳಮದ್ದಲೆಯದ್ದು ಇನ್ನೂರಕ್ಕೂ ಹೆಚ್ಚು ಕ್ಯಾಸೆಟ್‌ಗಳಿದ್ದವು. ಅಂಗಡಿಯಲ್ಲಿ ಮಾರಾಟಕ್ಕೆ ಬಂದವಲ್ಲ. ಹರಕೆ ಆಟದಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಯಾರದ್ದೋ ಮನೆ ಚಾವಡಿಯಲ್ಲಿ ಟೇಪ್‌ರೆಕಾರ್ಡರ್ ಮುಂದಿಟ್ಟುಕೊಂಡು ಮಾಡಿದ ರೆಕಾರ್ಡು. ಅವರ ಅಪ್ಪಯ್ಯ ಅರ್ಥ ಹೇಳುತ್ತಿದ್ದವರು. ದೊಡ್ಡ ಹೆಸರಿನವರಲ್ಲ, ಆದರೆ ಸುತ್ತಿನ ಊರಿನವರು ಕೇಳಲು ಬರುತ್ತಿದ್ದರು. ಕೆಲವು ಕ್ಯಾಸೆಟ್ಟಿಗೆ ಫಂಗಸ್ ಹಿಡಿದಿತ್ತು. ನಮ್ಮ ಮಳೆಗಾಲ ಗೊತ್ತಲ್ಲ, ಗೋಡೆಗೇ ಬೂಷ್ಟು ಬರುತ್ತದೆ, ಇನ್ನು ಟೇಪಿಗೆ ಬರುವುದಿಲ್ಲವೇ. ಹಾಗಾಗಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕು ಅಂತ ಹೊರಟರು.

ನಾನು ಮಾಡಿಕೊಟ್ಟ ವ್ಯವಸ್ಥೆ ಸರಳ. ಮೂರು ಹಳೆ ಕಂಪ್ಯೂಟರ್, ಮೂರಕ್ಕೂ ಲಿನಕ್ಸ್. ಮೂಲೆಯಲ್ಲಿ ನಾಲ್ಕು ಡಿಸ್ಕಿನ ಒಂದು ಸ್ಟೋರೇಜ್ ಡಬ್ಬ. ಯಾವ ಕಂಪ್ಯೂಟರಿನಲ್ಲಿ ಕ್ಯಾಸೆಟ್ ಹಾಕಿ ಓಡಿಸಿದರೂ ದನಿ ನೇರ ಆ ಡಬ್ಬದೊಳಗೆ ಹೋಗಿ ಕೂರಬೇಕು. ಡಬ್ಬ ಮತ್ತು ಕಂಪ್ಯೂಟರ್ ನಡುವೆ ಮಾತುಕತೆ ಎನ್‌ಎಫ್‌ಎಸ್‌ನಲ್ಲಿ. ನೆಟ್‌ವರ್ಕ್ ಫೈಲ್ ಸಿಸ್ಟಮ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಮಾಡಿದ್ದು. ಮಾಷ್ಟ್ರ ಪೆಟ್ಟಿಗೆಯ ಹಳೆ ಕ್ಯಾಸೆಟ್‌ಗಳ ಪ್ರಾಯವೂ ಹೆಚ್ಚುಕಮ್ಮಿ ಅಷ್ಟೇ.

‘ಮೌಂಟ್’ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ದೂರದ ಡಬ್ಬದ ಡಿಸ್ಕನ್ನು ನಮ್ಮ ಕಂಪ್ಯೂಟರಿನ ಒಂದು ಫೋಲ್ಡರಿಗೆ ಜೋಡಿಸುವುದು. ಜೋಡಿಸಿದ ಮೇಲೆ ನೋಡುವವರಿಗೆ ಅದು ಇಲ್ಲಿಯದ್ದೇ ಫೋಲ್ಡರಿನ ಹಾಗೆ ಕಾಣುತ್ತದೆ. ಲಿನಕ್ಸಿನಲ್ಲಿ ಇದಕ್ಕೆ ‘ಎಫ್‌ಎಸ್‌ಟ್ಯಾಬ್’ ಅಂತ ಒಂದು ಫೈಲಿದೆ. ಅದರಲ್ಲಿ ಒಂದೊಂದು ಜೋಡಣೆಗೆ ಒಂದೊಂದು ಸಾಲು. ಎಲ್ಲಿಯದ್ದು, ಎಲ್ಲಿಗೆ, ಯಾವ ಬಗೆ, ನಾಲ್ಕನೆಯ ಕಾಲಂನಲ್ಲಿ ಹೇಗೆ. ಆ ‘ಹೇಗೆ’ಯೇ ಮೌಂಟ್ ಆಪ್ಷನ್ಸ್. ಬಹಳ ಜನ ಅಲ್ಲಿ ‘ಡಿಫಾಲ್ಟ್ಸ್’ ಅಂತ ಬರೆದು ಬಿಡುತ್ತಾರೆ. ನಾನೂ ಮೊದಲು ಹಾಗೇ ಬಿಟ್ಟಿದ್ದೆ. ಬಿಟ್ಟದ್ದು ಬಿಟ್ಟ ಹಾಗೇ ಇದ್ದಿದ್ದರೆ ಇವತ್ತು ಈ ಮಾತು ಇರುತ್ತಿರಲಿಲ್ಲ.

ಜೂನ್ ಬಂತು. ಮಳೆಗಾಲದಲ್ಲಿ ಕರೆಂಟಿನ ಅವಸ್ಥೆ ನಾನು ಹೇಳಬೇಕಾಗಿಲ್ಲ. ಒಂದು ದಿನ ಮಾಷ್ಟ್ರ ಫೋನ್. “ಹ್ವಾಯ್, ಇದ್ ಎಂತ ಮರಾಯಾ, ಕರೆಂಟ್ ಹೋದ್ ಕೂಡ್ಲೆ ಕಂಪ್ಯೂಟರ್ ಕಲ್ಲ್ ಆಪುದ್?”

ಹೋಗಿ ನೋಡಿದೆ. ಕಂಪ್ಯೂಟರ್‌ಗಳು ಇನ್ವರ್ಟರ್ ಮೇಲೆ ಇದ್ದವು, ಆರುತ್ತಿರಲಿಲ್ಲ. ಸ್ಟೋರೇಜ್ ಡಬ್ಬಕ್ಕೆ ಯುಪಿಎಸ್ ಇತ್ತು, ಅದೂ ಆರುತ್ತಿರಲಿಲ್ಲ. ಆದರೆ ಕರೆಂಟ್ ಹೋದಾಗ ಡಬ್ಬದ ಫೋಲ್ಡರ್ ತೆರೆದು ಇಟ್ಟಿದ್ದ ಕಿಟಕಿ ಹಾಗೇ ನಿಂತುಬಿಡುತ್ತಿತ್ತು. ಮೌಸ್ ತಿರುಗುತ್ತದೆ, ಕ್ಲಿಕ್ ಮಾಡಿದರೆ ಏನೂ ಇಲ್ಲ. ಕಟ್ಟಡದ ಜನರೇಟರ್ ಚಾಲೂ ಆಗಿ ಅರ್ಧ ನಿಮಿಷ ಕಳೆದ ಮೇಲೆ ಮತ್ತೆ ಜೀವ ಬರುತ್ತಿತ್ತು. ಅಷ್ಟರಲ್ಲಿ ಅಲ್ಲಿ ಕೆಲಸಕ್ಕಿದ್ದ ಹುಡುಗ ಬಟನ್ ಒತ್ತಿ ಹಿಡಿದು ಕಂಪ್ಯೂಟರನ್ನೇ ಆಫ್ ಮಾಡಿರುತ್ತಿದ್ದ.

ಅವತ್ತು ನನಗೆ ಇನ್ನೂ ಎರಡು ಕಡೆ ಹೋಗಲಿತ್ತು, ಒಂದು ಶಿರೂರಿನಲ್ಲಿ. ಅಲ್ಲೇ ನಿಂತುಕೊಂಡು ಫೋನಿನಲ್ಲಿ ಹುಡುಕಿದೆ, ಎನ್‌ಎಫ್‌ಎಸ್ ಹ್ಯಾಂಗ್ ಆಗುತ್ತಿದೆ, ಏನು ಮಾಡುವುದು ಅಂತ. ಸಿಕ್ಕಿದ ಒಂದು ಸಾಲನ್ನು ಹಾಗೇ ನಕಲು ಹೊಡೆದೆ. ‘ಸಾಫ್ಟ್, ಇಂಟರ್, ಟೈಮಿಯೊ 30, ರಿಟ್ರಾನ್ಸ್ 2.’ ಮರು ಜೋಡಿಸಿದೆ. ಮುಂದಿನ ಸಲ ಕರೆಂಟ್ ಹೋದಾಗ ಕಿಟಕಿ ಸ್ವಲ್ಪ ಹೊತ್ತು ನಿಂತು, ಒಂದು ಎರರ್ ತೋರಿಸಿ ಬಿಟ್ಟುಕೊಟ್ಟಿತು. ಮಾಷ್ಟ್ರಿಗೆ ಖುಷಿ. ನನಗೂ ಖುಷಿ. ಚಾ ಕುಡಿದು ಹೊರಟೆ.

ನಾನು ಏನು ಮಾಡಿದ್ದೆ ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಕುಂದಾಪುರದ ಹೊಳೆ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ. ರಸ್ತೆಯಲ್ಲಿ ಹೋಗುವುದಾದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಎಲ್ಲ ಸುತ್ತಬೇಕು. ಹಿಂದಿನವರು ದೋಣಿಯಲ್ಲೇ ದಾಟುತ್ತಿದ್ದದ್ದು. ಈಗ ನೀವು ಒಬ್ಬ ಹುಡುಗನ ಕೈಯಲ್ಲಿ ಒಂದು ಗಂಟು ಕೊಟ್ಟು, ಗಂಗೊಳ್ಳಿಯ ಇಂಥವರ ಮನೆಗೆ ಕೊಟ್ಟು ಬಾ ಅಂದಿದ್ದೀರಿ ಅಂತ ಇಟ್ಟುಕೊಳ್ಳಿ. ಹುಡುಗ ದಡಕ್ಕೆ ಬಂದ. ದೋಣಿ ಇಲ್ಲ. ಕೂಗಿದ. ಉತ್ತರ ಇಲ್ಲ.

‘ಹಾರ್ಡ್’ ಅಂದರೆ ಆ ಹುಡುಗ ಅಲ್ಲೇ ಕೂರುತ್ತಾನೆ. ಮಳೆ ಬರಲಿ, ರಾತ್ರಿ ಆಗಲಿ, ಆಗಾಗ ಎದ್ದು ಕೂಗುತ್ತಾನೆ, ಮತ್ತೆ ಕೂರುತ್ತಾನೆ. ದೋಣಿ ಬಂದ ದಿನ ಗಂಟು ತಲುಪಿಸುತ್ತಾನೆ. ಎನ್‌ಎಫ್‌ಎಸ್‌ನಲ್ಲಿ ನೀವು ಏನೂ ಬರೆಯದಿದ್ದರೆ ಇದೇ ಪದ್ಧತಿ. ‘ಸಾಫ್ಟ್’ ಅಂದರೆ ಹುಡುಗ ಒಂದು ಸಲ ಕೂಗಿ, ಆಮೇಲೆ ನೀವು ಹೇಳಿದಷ್ಟು ಸಲ ಮತ್ತೆ ಕೂಗಿ ನೋಡುತ್ತಾನೆ. ಆಮೇಲೆ ಗಂಟನ್ನು ಅಲ್ಲೇ ದಡದಲ್ಲಿ ಬಿಟ್ಟು ವಾಪಸು ಬರುತ್ತಾನೆ. ‘ಆಗಲಿಲ್ಲ’ ಅಂತ ಒಂದು ಚೀಟಿಯೇನೋ ಬರೆದಿಡುತ್ತಾನೆ. ಆ ಚೀಟಿಯನ್ನು ನೀವು ಓದಿದರೆ ಸೈ. ಓದದಿದ್ದರೆ ಗಂಟು ಗಂಗೊಳ್ಳಿ ಮುಟ್ಟಿದೆ ಅಂತಲೇ ನಿಮ್ಮ ನಂಬಿಕೆ.

ಎಷ್ಟು ಹೊತ್ತು ಕೂಗಬೇಕು ಅಂತ ಹೇಳುವುದೇ ‘ಟೈಮಿಯೊ’. ಎಷ್ಟು ಸಲ ಮತ್ತೆ ಕೂಗಬೇಕು ಅನ್ನುವುದು ‘ರಿಟ್ರಾನ್ಸ್’. ನಾನು 30 ಅಂತ ನೋಡಿ, 30 ಸೆಕೆಂಡು ಅಂದುಕೊಂಡಿದ್ದೆ. ಅರ್ಧ ನಿಮಿಷ ಕಾದು, ಮತ್ತೆ ಎರಡು ಸಲ ಕಾದರೆ ಜನರೇಟರ್ ಬಂದೇ ಬರುತ್ತದಲ್ಲ, ಏನು ತೊಂದರೆ ಅಂತ. ಆಮೇಲೆ ಕೈಪಿಡಿ ಓದಿದಾಗ ಗೊತ್ತಾದದ್ದು, ಈ ಸಂಖ್ಯೆ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ. 30 ಅಂದರೆ 3 ಸೆಕೆಂಡು. ಟಿಸಿಪಿ ಮೇಲೆ ಓಡುವಾಗ ಇದರ ಮೂಲ ಬೆಲೆ 600, ಅಂದರೆ ಒಂದು ನಿಮಿಷ. ನಾನು ಅದನ್ನು 3 ಸೆಕೆಂಡಿಗೆ ಇಳಿಸಿದ್ದೆ. ಮೊದಲು 3, ಆಮೇಲೆ 6, ಆಮೇಲೆ 9, ಪ್ರತಿ ಸಲ ಸ್ವಲ್ಪ ಹೆಚ್ಚು ಕಾಯುತ್ತದೆ. ಒಟ್ಟು 18 ಸೆಕೆಂಡು. ಜನರೇಟರ್ ಬರಲು ಅರ್ಧ ನಿಮಿಷಕ್ಕೂ ಹೆಚ್ಚು. ಅಂದರೆ ಪ್ರತಿ ಸಲ ಕರೆಂಟ್ ಹೋದಾಗಲೂ ನನ್ನ ಹುಡುಗ ಗಂಟು ಬಿಟ್ಟು ಬರುತ್ತಿದ್ದ.

‘ಇಂಟರ್’ ಅನ್ನುವುದರ ಕತೆ ಇನ್ನೂ ತಮಾಷೆ. ಲಿನಕ್ಸ್ ಕರ್ನಲ್ 2.6.25ರ ನಂತರ ಅದಕ್ಕೆ ಅರ್ಥವೇ ಇಲ್ಲ. 2008ರ ಮಾತದು. ಬರೆದರೆ ಬೈಯುವುದಿಲ್ಲ, ಸುಮ್ಮನೆ ಕಡೆಗಣಿಸುತ್ತದೆ. ನಾನು ನಕಲು ಹೊಡೆದ ಸಾಲು ಎಷ್ಟು ಹಳತು ಅಂತ ಅದೊಂದು ಪದ ನೋಡಿಯೇ ತಿಳಿಯಬೇಕಿತ್ತು.

ಇನ್ನು ಗಂಟು ಹೇಗೆ ಕಳೆಯುತ್ತದೆ ಅನ್ನುವುದು. ಇದು ಸ್ವಲ್ಪ ನಿಧಾನ ಕೇಳಬೇಕಾದ ವಿಷಯ. ರೆಕಾರ್ಡಿಂಗ್ ಪ್ರೋಗ್ರಾಂ ಒಂದಿಷ್ಟು ದನಿಯನ್ನು ‘ಬರೆ’ ಅಂತ ಕೊಟ್ಟಾಗ, ಕಂಪ್ಯೂಟರ್ ಅದನ್ನು ಮೊದಲು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯಿತು’ ಅನ್ನುತ್ತದೆ. ಪ್ರೋಗ್ರಾಂ ಮುಂದಿನದ್ದಕ್ಕೆ ಹೋಗುತ್ತದೆ. ಆ ದನಿ ನಿಜವಾಗಿ ಡಬ್ಬಕ್ಕೆ ಹೋಗುವುದು ಸ್ವಲ್ಪ ಹೊತ್ತು ಕಳೆದು, ಹಿಂದಿನಿಂದ. ಹೀಗೆ ಹಿಂದಿನಿಂದ ಕಳಿಸುವಾಗ ನೆಟ್‌ವರ್ಕ್ ಇಲ್ಲದಿದ್ದರೆ, ಸಾಫ್ಟ್ ಇದ್ದಲ್ಲಿ, 18 ಸೆಕೆಂಡಿನ ನಂತರ ಆ ತುಂಡನ್ನು ಬಿಟ್ಟುಬಿಡುತ್ತದೆ. ಎರರ್ ಚೀಟಿ ಇರುತ್ತದೆ, ಆದರೆ ಅದು ಪ್ರೋಗ್ರಾಂನ ಕೈಗೆ ಸಿಗುವುದು ಫೈಲ್ ಮುಚ್ಚುವಾಗಲೋ, ‘ಎಲ್ಲ ಡಿಸ್ಕಿಗೆ ಮುಟ್ಟಿತಾ’ ಅಂತ ಕೇಳುವಾಗಲೋ. ನಾವು ಬಳಸುತ್ತಿದ್ದ ಪ್ರೋಗ್ರಾಂ ಕೇಳುತ್ತಲೇ ಇರಲಿಲ್ಲ. ಅಷ್ಟರಲ್ಲಿ ನೆಟ್‌ವರ್ಕ್ ಬಂತು, ಮುಂದಿನ ತುಂಡುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಫೈಲಿನ ಉದ್ದ ಸರಿಯಾಗಿದೆ. ನಡುವೆ ಮಾತ್ರ ಒಂದು ತೂತು. ತೂತಿನಲ್ಲಿ ಬರೀ ಸೊನ್ನೆ.

ಇದನ್ನು ಎನ್‌ಎಫ್‌ಎಸ್‌ನ ಕೈಪಿಡಿಯಲ್ಲೇ ಬರೆದಿದ್ದಾರೆ. ಸಾಫ್ಟ್ ಹಾಕಿದರೆ ಕೆಲವು ಸಂದರ್ಭಗಳಲ್ಲಿ ಸದ್ದಿಲ್ಲದೆ ಡೇಟಾ ಹಾಳಾಗಬಹುದು ಅಂತ. ನಾನು ಓದಿದ್ದು ಆಮೇಲೆ.

ನನಗೆ ಇವತ್ತಿಗೂ ಚುಚ್ಚುವ ಲೆಕ್ಕ ಒಂದಿದೆ. ಸಿಡಿ ಗುಣಮಟ್ಟದಲ್ಲಿ ದನಿ ಹಿಡಿದರೆ ಒಂದು ಸೆಕೆಂಡಿಗೆ 1,76,400 ಬೈಟ್. ನಲವತ್ತು ಸೆಕೆಂಡ್ ನೆಟ್‌ವರ್ಕ್ ಇಲ್ಲ ಅಂದರೂ ಸೇರುವುದು ಸುಮಾರು 7 ಎಂಬಿ. ಈಗಿನ ಯಾವ ಕಂಪ್ಯೂಟರಿನ ಮೆಮೊರಿಗೂ 7 ಎಂಬಿ ಏನೂ ಅಲ್ಲ. ಹಾರ್ಡ್ ಇದ್ದಿದ್ದರೆ ಆ ಫೋಲ್ಡರಿನ ಕಿಟಕಿ ನಲವತ್ತು ಸೆಕೆಂಡ್ ಕಲ್ಲಾಗುತ್ತಿತ್ತು, ನಿಜ. ರೆಕಾರ್ಡಿಂಗ್ ಮಾತ್ರ ತನ್ನಷ್ಟಕ್ಕೆ ಮೆಮೊರಿಯಲ್ಲಿ ಸೇರುತ್ತಾ ಹೋಗಿ, ದೋಣಿ ಬಂದ ಕೂಡಲೆ ಆಚೆ ದಡ ಮುಟ್ಟುತ್ತಿತ್ತು. ಕಣ್ಣಿಗೆ ಕಾಣುವ ಸಣ್ಣ ಕಿರಿಕಿರಿ ತೆಗೆಯಲು ಹೋಗಿ ನಾನು ಕಣ್ಣಿಗೆ ಕಾಣದ ನಷ್ಟ ತಂದಿಟ್ಟಿದ್ದೆ.

ಒಂದೂವರೆ ವರ್ಷ ಯಾರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗುತ್ತದೆ? ತೊಂಬತ್ತು ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಯಾರೂ ಪುನಃ ತೊಂಬತ್ತು ನಿಮಿಷ ಕೂತು ಕೇಳುವುದಿಲ್ಲ. ಶುರು ಕೇಳುತ್ತೇವೆ, ಕೊನೆ ಕೇಳುತ್ತೇವೆ, ಫೈಲ್ 950 ಎಂಬಿ ಇದೆ, ಸರಿ ಇದೆ ಅನ್ನುತ್ತೇವೆ.

ಆಮೇಲೆ ಒಂದು ಸಂಜೆ ಮಾಷ್ಟ್ರ ಫೋನ್ ಬಂತು. ದನಿ ಬೇರೆ ಇತ್ತು. “ಮಗಾ, ಒಂಚೂರ್ ಬಾ ಕಾಂಬ. ಅಪ್ಪಯ್ಯನ ಮಾತ್ ಕೇಣ್ತಿಲ್ಲ.”

ಕರ್ಣಪರ್ವದ ತಾಳಮದ್ದಲೆ ಅದು. ಅವರ ಅಪ್ಪಯ್ಯನದ್ದು ಶಲ್ಯ. ಸರ್ಪಾಸ್ತ್ರ ತೊಟ್ಟ ಕರ್ಣನಿಗೆ ಶಲ್ಯ ಗುರಿ ಬದಲಿಸು ಅಂತ ಹೇಳುವ ಜಾಗ, ಯಕ್ಷಗಾನ ನೋಡುವವರಿಗೆ ಹೇಳಬೇಕಾಗಿಲ್ಲ. ಭಾಗವತರ ಪದ ಮುಗಿಯಿತು, ಮದ್ದಲೆ ನಿಂತಿತು, ಶಲ್ಯ ಮಾತು ಎತ್ತಿಕೊಂಡರು. ಎರಡು ವಾಕ್ಯ ಆಗಿರಬಹುದು. ಆಮೇಲೆ ಏನೂ ಇಲ್ಲ. ಹನ್ನೆರಡು ಸೆಕೆಂಡು. ಮತ್ತೆ ದನಿ ಬರುವಾಗ ಕರ್ಣನ ಉತ್ತರ ಅರ್ಧ ಆಗಿದೆ, ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ. ಯಾವ ಮಾತಿಗೆ ಅನ್ನುವುದು ಗೊತ್ತಿಲ್ಲ.

ಮಾಷ್ಟ್ರು ಟೇಪ್ ಸವೆದಿರಬೇಕು ಅಂದುಕೊಂಡಿದ್ದರು. ನಾನೂ ಮೊದಲು ಹಾಗೇ ಹೇಳಹೊರಟವನು. ಆದರೆ ಆ ಮೌನ ಕೇಳಿದಾಗ ಹೊಟ್ಟೆಯೊಳಗೆ ಏನೋ ಆಯಿತು. ಹಳೆ ಕ್ಯಾಸೆಟ್ಟಿನಲ್ಲಿ ಯಾರೂ ಮಾತಾಡದಿದ್ದರೂ ‘ಸ್‌ಸ್’ ಅಂತ ಒಂದು ಸದ್ದು ಇದ್ದೇ ಇರುತ್ತದೆ. ಫ್ಯಾನಿನದ್ದು, ಹೊರಗಿನ ಮಳೆಯದ್ದು, ಟೇಪಿನದ್ದೇ. ಇಲ್ಲಿ ಅದೂ ಇರಲಿಲ್ಲ. ಬಾವಿಗೆ ಮುಚ್ಚಳ ಹಾಕಿದ ಹಾಗೆ. ಫೈಲನ್ನು ಬಿಚ್ಚಿ ನೋಡಿದೆ. ಸೊನ್ನೆ, ಸೊನ್ನೆ, ಸೊನ್ನೆ. ಅಳೆದರೆ ಸರಿಯಾಗಿ 2 ಎಂಬಿ. ಎನ್‌ಎಫ್‌ಎಸ್ ಒಂದು ಸಲಕ್ಕೆ ಕಳಿಸುವ ದೊಡ್ಡ ತುಂಡು 1 ಎಂಬಿ ಆಗಬಹುದು. 1 ಎಂಬಿ ಅಂದರೆ ಆರು ಸೆಕೆಂಡಿನ ದನಿ. ಎರಡು ತುಂಡು ಹೋಗಿತ್ತು.

ಆ ಕಂಪ್ಯೂಟರಿನ ಲಾಗ್ ತೆರೆದೆ. ಎನ್‌ಎಫ್‌ಎಸ್ ಸರ್ವರ್ ಉತ್ತರ ಕೊಡುತ್ತಿಲ್ಲ ಅಂತ ಸಾಲುಗಳು. ಇದು ಗಮನಿಸಿ, ನಿಮ್ಮಲ್ಲೂ ನೋಡಬಹುದು. ಹಾರ್ಡ್ ಇದ್ದರೆ ಆ ಸಾಲಿನ ಕೊನೆಗೆ ‘ಸ್ಟಿಲ್ ಟ್ರೈಯಿಂಗ್’ ಅಂತ ಇರುತ್ತದೆ. ಸಾಫ್ಟ್ ಇದ್ದರೆ ‘ಟೈಮ್ಡ್ ಔಟ್’. ನನ್ನ ಲಾಗ್ ತುಂಬ ಟೈಮ್ಡ್ ಔಟ್. ದಿನಾಂಕ, ಗಂಟೆ ಸಮೇತ.

ಮಾಷ್ಟ್ರಿಗೆ ಹೇಳಿದೆ, ಟೇಪ್ ಅಲ್ಲ, ನನ್ನ ಕೆಲಸ ಅಂತ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ಬೇರೆ ಎಷ್ಟ್ ಇತ್ತ್ ಹಾಂಗೆ?” ಅಂತ ಒಂದೇ ಪ್ರಶ್ನೆ. ಬೈದಿದ್ದರೆ ಸುಲಭ ಇತ್ತು.

ಹುಡುಕುವ ದಾರಿ ಆ ಸೊನ್ನೆಯೇ ತೋರಿಸಿತು. ನಿಜವಾದ ಟೇಪಿನಲ್ಲಿ ಒಂದು ಸೆಕೆಂಡ್ ಪೂರ್ತಿ ಬರೀ ಸೊನ್ನೆ ಬರುವುದು ಸಾಧ್ಯವೇ ಇಲ್ಲ. ಹಾಗಾಗಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಸೊನ್ನೆಗಳ ಉದ್ದ ಸಾಲು ಎಲ್ಲೆಲ್ಲಿ ಇದೆ ಅಂತ ಎಲ್ಲ ಫೈಲುಗಳನ್ನೂ ಜಾಲಾಡಿಸಿದೆ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ ಒಂಬತ್ತು ಫೈಲಿನಲ್ಲಿ ತೂತು. ಎಲ್ಲವೂ ಮಳೆಗಾಲದ್ದು. ಒಂಬತ್ತರಲ್ಲಿ ಆರು ಕ್ಯಾಸೆಟ್ ಇನ್ನೂ ಪೆಟ್ಟಿಗೆಯಲ್ಲಿದ್ದವು, ಪುನಃ ಓಡಿಸಿ ಹಿಡಿದೆವು. ಮೂರು ಇರಲಿಲ್ಲ. ‘ಕಂಪ್ಯೂಟರಿಗೆ ಹಾಕಿ ಆಯ್ತಲ್ಲ’ ಅಂತ ಫಂಗಸ್ ಹಿಡಿದವನ್ನು ಹಿಂದಿನ ವರ್ಷವೇ ಬಿಸಾಡಿದ್ದರು. ಕರ್ಣಪರ್ವ ಆ ಮೂರರಲ್ಲಿ ಒಂದು.

ಕರ್ಣ ಒಂದು ಸಲ ತೊಟ್ಟ ಅಂಬನ್ನು ಮತ್ತೆ ತೊಡುವುದಿಲ್ಲ ಅನ್ನುತ್ತಾನೆ. ಎನ್‌ಎಫ್‌ಎಸ್‌ಗೆ ಅಂಥ ಶಪಥ ಏನೂ ಇರಲಿಲ್ಲ, ತೊಡುತ್ತಲೇ ಇರುತ್ತಿತ್ತು. ಸಾಕು ಅಂತ ಹೇಳಿದವನು ನಾನು.

ಸರಿ. ಈಗ ಅಲ್ಲಿ ಏನು ಮಾಡಿದ್ದೇನೆ ಅಂತ ಹೇಳುತ್ತೇನೆ. ನಿಮ್ಮಲ್ಲೂ ಇಂಥ ಡಬ್ಬ ಇದ್ದರೆ ಕೆಲಸಕ್ಕೆ ಬಂದೀತು.

ಮೊದಲನೆಯದು ಕಂಪ್ಯೂಟರಿಗೆ ಸಂಬಂಧವೇ ಇಲ್ಲದ್ದು. ಕಂಪ್ಯೂಟರಿಗೆ ಇನ್ವರ್ಟರ್ ಇದೆ, ಡಬ್ಬಕ್ಕೆ ಯುಪಿಎಸ್ ಇದೆ, ಹಾಗಾದರೆ ನೆಟ್‌ವರ್ಕ್ ಏಕೆ ಸಾಯುತ್ತಿತ್ತು? ಮೆಟ್ಟಿಲಿನ ಮೇಲಿನ ಅಟ್ಟದಲ್ಲಿ ಅಂಗೈ ಅಗಲದ ನೆಟ್‌ವರ್ಕ್ ಸ್ವಿಚ್ ಇತ್ತು. ಅದರ ಪ್ಲಗ್ ಸಾದಾ ಲೈನಿನಲ್ಲಿ. ಎಲ್ಲರೂ ಎಚ್ಚರ ಇದ್ದರೂ ನಡುವಿನವನು ನಿದ್ದೆ. ಅದರ ವಯರನ್ನು ಇನ್ವರ್ಟರ್ ಲೈನಿಗೆ ಹಾಕಲು ಹತ್ತು ನಿಮಿಷ ಸಾಕಾಯಿತು. ಈಗ ಯಾರ ಆಫೀಸಿಗೆ ಹೋದರೂ ನಾನು ಮೊದಲು ತಲೆ ಎತ್ತಿ ಅಟ್ಟ ನೋಡುತ್ತೇನೆ.

ಎರಡನೆಯದು ಆ ಸಾಲು. ಸಾಫ್ಟ್ ತೆಗೆದು ‘ಹಾರ್ಡ್’ ಅಂತಲೇ ಬರೆದೆ. ಡಿಫಾಲ್ಟ್ ಹಾರ್ಡೇ ಆದರೂ ಬರೆದೆ. ನಾಳೆ ಇನ್ನೊಬ್ಬ ಬಂದು ನೋಡುವಾಗ ಇದು ಬೇಕು ಅಂತಲೇ ಹಾಕಿದ್ದು ಅಂತ ಗೊತ್ತಾಗಲಿ. ಟೈಮಿಯೊ, ರಿಟ್ರಾನ್ಸ್ ಎರಡೂ ತೆಗೆದುಬಿಟ್ಟೆ.

ಹಾರ್ಡ್ ಹಾಕಿದರೆ ಇನ್ನೊಂದು ರಗಳೆ ಇದೆ, ಅದನ್ನು ಮುಚ್ಚಿಡಬಾರದು. ಬೆಳಿಗ್ಗೆ ಅಂಗಡಿ ತೆರೆದು ಎಲ್ಲ ಒಟ್ಟಿಗೆ ಆನ್ ಮಾಡಿದಾಗ ಕಂಪ್ಯೂಟರ್ ಬೇಗ ಏಳುತ್ತದೆ, ಡಬ್ಬ ನಿಧಾನಕ್ಕೆ. ಕಂಪ್ಯೂಟರ್ ಶುರುವಾಗುವಾಗಲೇ ಡಬ್ಬ ಹುಡುಕಿ, ಸಿಗದೆ, ಕಪ್ಪು ಪರದೆಯಲ್ಲಿ ಒಂದೂವರೆ ನಿಮಿಷ ಕೂರುತ್ತದೆ. ಕೆಲವೊಮ್ಮೆ ರಿಪೇರಿ ಮೋಡಿಗೇ ಹೋಗಿ ಬೀಳುತ್ತದೆ. ಇದಕ್ಕೆ ಮದ್ದು ಸಾಫ್ಟ್ ಅಲ್ಲ. ಅದೇ ನಾಲ್ಕನೆಯ ಕಾಲಂನಲ್ಲಿ ‘ನೋಫೇಲ್’ ಅಂತ ಬರೆಯಬೇಕು. ಈ ಡಿಸ್ಕ್ ಸಿಗದಿದ್ದರೂ ಏಳು, ಪರವಾಗಿಲ್ಲ ಅಂತ ಅರ್ಥ. ಜೊತೆಗೆ ‘ನೆಟ್‌ಡೆವ್’, ಅಂಡರ್‌ಸ್ಕೋರ್ ಹಾಕಿ ಶುರು ಮಾಡುವಂಥದ್ದು. ಇದು ನೆಟ್‌ವರ್ಕಿನ ಡಿಸ್ಕು, ನೆಟ್‌ವರ್ಕ್ ಬಂದ ಮೇಲೆ ನೋಡು ಅಂತ. ಆಮೇಲೆ ‘ಎಕ್ಸ್ ಸಿಸ್ಟಮ್‌ಡಿ ಆಟೋಮೌಂಟ್’. ಇದು ನನಗೆ ಬಹಳ ಹಿಡಿಸಿದ್ದು. ಆ ಫೋಲ್ಡರನ್ನು ಯಾರಾದರೂ ಮುಟ್ಟಿದಾಗ ಮಾತ್ರ ಜೋಡಿಸು, ಅಲ್ಲಿಯವರೆಗೆ ಸುಮ್ಮನಿರು ಅಂತ. ಹುಡುಗ ಬೆಳಿಗ್ಗೆ ಕಸ ಗುಡಿಸಿ ಕೂರುವಷ್ಟರಲ್ಲಿ ಡಬ್ಬವೂ ಎದ್ದಿರುತ್ತದೆ.

ಸಾಫ್ಟ್ ಯಾವಾಗಲೂ ಪಾಪ ಅಂತ ಅಲ್ಲ. ಅಲ್ಲೇ ಇನ್ನೊಂದು ಕಂಪ್ಯೂಟರ್ ಇದೆ, ಬಂದವರಿಗೆ ಹಾಡು ಕೇಳಿಸಲು ಇಟ್ಟದ್ದು. ಅದು ಡಬ್ಬವನ್ನು ‘ಆರ್‌ಒ’, ಅಂದರೆ ಓದಲು ಮಾತ್ರ ಅಂತ ಜೋಡಿಸುತ್ತದೆ. ಏನೂ ಬರೆಯುವುದಿಲ್ಲ, ಹಾಗಾಗಿ ಏನೂ ಕಳೆಯುವುದಿಲ್ಲ. ಅಲ್ಲಿ ಸಾಫ್ಟ್ ಇಟ್ಟಿದ್ದೇನೆ. ಹಾಡು ನಿಂತರೆ ನಿಂತಿತು, ಮತ್ತೆ ಹಾಕಿದರಾಯಿತು.

ಇನ್ನೊಂದು ಜಾಗ ಡಬ್ಬದ ಒಳಗೆ. ಅಲ್ಲಿ ‘ಸಿಂಕ್’, ‘ಎಸಿಂಕ್’ ಅಂತ ಎರಡಿದೆ. ಎಸಿಂಕ್ ಇಟ್ಟರೆ ಡಬ್ಬವು ಡಿಸ್ಕಿಗೆ ಬರೆಯುವ ಮೊದಲೇ ‘ಬರೆದಾಯಿತು’ ಅಂತ ಉತ್ತರ ಕೊಡುತ್ತದೆ. ವೇಗ ಚೆನ್ನಾಗಿರುತ್ತದೆ. ಆ ಗಳಿಗೆಯಲ್ಲಿ ಡಬ್ಬದ ಕರೆಂಟೇ ಹೋದರೆ, ಇಲ್ಲಿ ಹಾರ್ಡ್ ಇದ್ದೂ ಪ್ರಯೋಜನವಿಲ್ಲ. ಗಂಗೊಳ್ಳಿಯವರು ಗಂಟು ಸಿಕ್ಕಿತು ಅಂತ ಮೊದಲೇ ಕೂಗಿ ಹೇಳಿ, ಆಮೇಲೆ ಅದನ್ನು ಹೊಳೆಗೆ ಬೀಳಿಸಿದ ಹಾಗೆ. ನಮ್ಮ ಡಬ್ಬದಲ್ಲಿ ಎಸಿಂಕ್‌ಗೆ ಟಿಕ್ ಇತ್ತು. ತೆಗೆದೆ. ಸ್ವಲ್ಪ ನಿಧಾನ ಆಯಿತು. ಕ್ಯಾಸೆಟ್ ಓಡುವುದೇ ಅದರ ವೇಗದಲ್ಲಿ, ನಮಗೇನು ಅವಸರ.

ಕುಂದಾಪುರದ ಬಹಳಷ್ಟು ಆಫೀಸಿನಲ್ಲಿ ಎನ್‌ಎಫ್‌ಎಸ್ ಇಲ್ಲ, ವಿಂಡೋಸ್ ಶೇರಿಂಗ್ ಇದೆ. ಅದನ್ನು ಲಿನಕ್ಸಿನಲ್ಲಿ ‘ಸಿಫ್ಸ್’ ಅಂತ ಜೋಡಿಸುವವರು ಒಂದು ವಿಷಯ ನೆನಪಿಡಿ. ಅಲ್ಲಿ ಡಿಫಾಲ್ಟ್ ಉಲ್ಟಾ. ನೀವು ಏನೂ ಬರೆಯದಿದ್ದರೆ ಸಾಫ್ಟ್. ‘ನಾನು ಏನೂ ಮುಟ್ಟಿಲ್ಲ, ಹಾಗಾಗಿ ಸೇಫ್’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಆಮೇಲೆ ಒಂದು ದೂರು ಆಗಾಗ ಬರುತ್ತದೆ, ಆ ಟೇಬಲಿನಲ್ಲಿ ಸೇವ್ ಮಾಡಿದ್ದು ಈ ಟೇಬಲಿನಲ್ಲಿ ಕಾಣುವುದಿಲ್ಲ ಅಂತ. ಹಾಳಾಗಿಲ್ಲ, ಹೆದರಬೇಡಿ. ಎನ್‌ಎಫ್‌ಎಸ್ ಪ್ರತಿ ಸಲ ಡಬ್ಬವನ್ನು ಕೇಳುವುದಿಲ್ಲ. ಫೈಲಿನ ವಿವರವನ್ನು 3 ಸೆಕೆಂಡಿನಿಂದ 60 ಸೆಕೆಂಡಿನವರೆಗೆ, ಫೋಲ್ಡರಿನದ್ದನ್ನು 30ರಿಂದ 60 ಸೆಕೆಂಡಿನವರೆಗೆ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಇದನ್ನು ಪೂರ್ತಿ ನಿಲ್ಲಿಸಲು ‘ನೋಎಸಿ’ ಅಂತ ಇದೆ, ಹಾಕಿದರೆ ಎಲ್ಲವೂ ಆಮೆ ನಡೆ. ನಾನು ಹಾಕುವುದಿಲ್ಲ. ಒಂದು ನಿಮಿಷ ತಡೆದು ನೋಡಿ ಅನ್ನುತ್ತೇನೆ.

ಕನ್ನಡದಲ್ಲಿ ಫೈಲಿನ ಹೆಸರು ಇಡುವವರಿಗೂ ಒಂದು ಮಾತು. ಮಾಷ್ಟ್ರಿಗೆ ಹೆಸರಿನಲ್ಲೇ ಎಲ್ಲ ಬರೆಯುವ ಹುಕಿ. ಪ್ರಸಂಗ, ಊರು, ಭಾಗವತರು, ಮದ್ದಲೆ, ಚೆಂಡೆ, ಅರ್ಥಧಾರಿಗಳು. ಒಂದು ಹಂತದ ಮೇಲೆ ಡಬ್ಬ ಆಗುವುದಿಲ್ಲ ಅನ್ನುತ್ತಿತ್ತು. ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ‘ಕ’ಕ್ಕೆ ಮೂರು, ಅದರ ಗುಣಿತಕ್ಕೆ ಮತ್ತೆ ಮೂರು, ಒತ್ತು ಬಂದರೆ ಇನ್ನೂ ಆರು. ‘ಕೃಷ್ಣಸಂಧಾನ’ ಅಂತ ಬರೆದರೇ 30 ಬೈಟ್ ಆಗುತ್ತದೆ. ಈಗ ಹೆಸರು ಚಿಕ್ಕದು, ವಿವರ ಪಕ್ಕದಲ್ಲಿ ಒಂದು ಪಟ್ಟಿಯಲ್ಲಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮೌಂಟ್ ಆಪ್ಷನ್ ಅಲ್ಲವೇ ಅಲ್ಲ. ಈಗ ರೆಕಾರ್ಡ್ ಆಗುವುದು ಆಯಾ ಕಂಪ್ಯೂಟರಿನ ಸ್ವಂತ ಡಿಸ್ಕಿಗೆ. ಕ್ಯಾಸೆಟ್ ಮುಗಿದ ಮೇಲೆ ಡಬ್ಬಕ್ಕೆ ನಕಲು. ನಕಲು ಆದ ಮೇಲೆ ಎರಡೂ ಕಡೆ ಚೆಕ್‌ಸಮ್ ತೆಗೆದು, ಎರಡೂ ಒಂದೇ ಇದ್ದರೆ ಮಾತ್ರ ಪಟ್ಟಿಯಲ್ಲಿ ಗೀಟು. ಗೀಟು ಬೀಳದೆ ಯಾವ ಕ್ಯಾಸೆಟ್ಟೂ ಪೆಟ್ಟಿಗೆಯಿಂದ ಹೊರಗೆ ಹೋಗುವುದಿಲ್ಲ. ಬೂಷ್ಟು ಹಿಡಿದದ್ದಾದರೂ ಸರಿ.

ಬರೆದ ಸಾಲು ನಿಜವಾಗಿ ಜಾರಿಯಲ್ಲಿದೆಯೇ ಅಂತ ನೋಡಲು ‘ಎನ್‌ಎಫ್‌ಎಸ್‌ಸ್ಟ್ಯಾಟ್, ಡ್ಯಾಶ್, ಎಂ’ ಅಂತ ಒಂದು ಆಜ್ಞೆ ಇದೆ. ನೀವು ಏನು ಬರೆದಿದ್ದೀರಿ ಅಂತ ಅಲ್ಲ, ಕರ್ನಲ್ ಏನು ತೆಗೆದುಕೊಂಡಿದೆ ಅಂತ ತೋರಿಸುತ್ತದೆ. ಫೈಲಿನಲ್ಲಿ ತಿದ್ದಿ, ಮರು ಜೋಡಿಸದೆ ಮನೆಗೆ ಹೋದವರನ್ನು ನಾನು ಕಂಡಿದ್ದೇನೆ. ಅಲ್ಲಿ ‘ಹಾರ್ಡ್’ ಅಂತ ಕಂಡರೆ ಸರಿ.

ಆದರೆ ನನಗೆ ಈಗ ಅಷ್ಟು ಸಾಕಾಗುವುದಿಲ್ಲ. ಎಲ್ಲ ಸರಿ ಮಾಡಿದ ದಿನ ಮಾಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ದೊಡ್ಡ ಫೈಲನ್ನು ಡಬ್ಬಕ್ಕೆ ನಕಲು ಮಾಡಲು ಹಚ್ಚಿದೆ. ಅರ್ಧ ಹೋದಾಗ ಸ್ವಿಚ್ಚಿನ ಪ್ಲಗ್ ಕಿತ್ತೆ. ಪಟ್ಟಿ ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಮಾಷ್ಟ್ರು ನನ್ನ ಮುಖ ನೋಡಿದರು. ಐದು ನಿಮಿಷ ಬಿಟ್ಟೆ. ಮತ್ತೆ ಪ್ಲಗ್ ಹಾಕಿದೆ. ಸ್ವಿಚ್ಚಿನ ದೀಪಗಳು ಒಂದೊಂದೇ ಹತ್ತಿಕೊಂಡವು. ಸ್ವಲ್ಪ ಹೊತ್ತಿಗೆ ಪಟ್ಟಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹೊರಟಿತು. ಮುಗಿದ ಮೇಲೆ ಎರಡೂ ಕಡೆಯ ಚೆಕ್‌ಸಮ್ ಓದಿ ಹೇಳಿದೆ, ಅವರು ಬೆರಳಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿದರು. ಅರವತ್ನಾಲ್ಕು ಅಕ್ಷರ. ಶಾಲೆಯ ಉತ್ತರಪತ್ರಿಕೆ ತಿದ್ದಿದ ಹಾಗೆ.

“ಸಮ ಇತ್ತ್” ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಇನ್ನೊಂದ್ ಸಲ ಕಿತ್ತ್ ಕಾಣ್” ಅಂದರು. ಕಿತ್ತೆ.